ಪಹಣಿಯಲ್ಲಿ ಇಲ್ಲದ ಅಜ್ಜಿ

ಈ ಸಲ ನಾನು ನನ್ನ ಅಜ್ಜಿ ಬಗ್ಗೆ ಮಾತಾಡ್ತೀನಿ. ಅಜ್ಜಿ ಅಂದ ಕೂಡಲೇ ಕಥೆ ಹೇಳೋಳು, ಕೈತುತ್ತು ಹಾಕೋಳು ಅಂತ ನಿಮಗೆ ಅನ್ನಿಸಬಹುದು. ನಮ್ಮಜ್ಜಿ ಕಥೆ ಹೇಳಿದ್ದು ಕಡಿಮೆ, ಅವಳಿಗೆ ಪುರುಸೊತ್ತೇ ಇರ್ತಿರಲಿಲ್ಲ. ಹಾಗಾಗಿ ನಾನು ಕಥೆಯಿಂದ ಶುರು ಮಾಡಲ್ಲ. ಒಂದು ಕಾಗದದಿಂದ ಶುರು ಮಾಡ್ತೀನಿ.

ನಮ್ಮೂರು ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಮಲೆನಾಡು ಮುಗಿದು ಬಯಲು ಶುರುವಾಗೋ ಸೀಮೆ ಅದು. ಭತ್ತ, ಅಡಿಕೆ, ಈಚೆಗೆ ಮೆಕ್ಕೆಜೋಳ, ಶುಂಠಿ. ಎಲ್ಲಿ ನೋಡಿದ್ರೂ ಕೆರೆ. ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಚಂದ್ರಗುತ್ತಿ. ಪಕ್ಕದ ಶಿಕಾರಿಪುರ ತಾಲ್ಲೂಕಿಗೆ ಹೋದರೆ ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ, ಕದಂಬರ ಶಾಸನ ಇರೋ ತಾಳಗುಂದ. ಸಾವಿರದೈನೂರು ವರ್ಷದ ಹಿಂದಿನ ರಾಜರ ಹೆಸರನ್ನ ನಮ್ಮ ಕಡೆ ಇವತ್ತಿಗೂ ಕಲ್ಲಿನ ಮೇಲೆ ಓದಬಹುದು.

ನಮ್ಮಜ್ಜಿ ಹೆಸರು ಹುಡುಕೋಕೆ ಹೊರಟಾಗ ನನಗೆ ಸಿಕ್ಕಿದ್ದು ರೇಷನ್ ಕಾರ್ಡು, ವೋಟರ್ ಕಾರ್ಡು, ಆಧಾರ್ ಕಾರ್ಡು. ಅಷ್ಟೇ.

ಹುಡುಕಬೇಕಾಗಿದ್ದು ಯಾಕೆ ಅಂದ್ರೆ, ಪೌತಿ ಖಾತೆಗೆ. ಹಳ್ಳಿ ಕಡೆಯವರಿಗೆ ಈ ಮಾತು ಗೊತ್ತಿರುತ್ತೆ. ಜಮೀನು ಯಾರ ಹೆಸರಲ್ಲಿದೆಯೋ ಅವರು ತೀರಿಕೊಂಡ ಮೇಲೆ ಅದನ್ನ ವಾರಸುದಾರರ ಹೆಸರಿಗೆ ಮಾಡಿಸೋದು. ನಮ್ಮ ರಾಜ್ಯದಲ್ಲಿ ಸತ್ತವರ ಹೆಸರಲ್ಲೇ ಉಳಿದಿರೋ ಪಹಣಿಗಳು ಲಕ್ಷಗಟ್ಟಲೆ ಇವೆ. ನಮ್ಮದೂ ಅದರಲ್ಲಿ ಒಂದು. ಅಜ್ಜ ಹೋಗಿದ್ದು 1996ರಲ್ಲಿ. ಅಜ್ಜಿ ಹೋಗಿ ಮೂರು ವರ್ಷ ಆಯ್ತು. ನಮ್ಮ 2 ಎಕರೆ 10 ಗುಂಟೆ ಮಾತ್ರ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಬೆಳೆಸಾಲ ಬೇಕು ಅಂದ್ರೆ ಪಹಣಿ ಕೇಳ್ತಾರೆ, ಬೆಳೆವಿಮೆಗೂ ಪಹಣಿ ಕೇಳ್ತಾರೆ. ಹಾಗಾಗಿ ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ಇನ್ನು ಮಾಡಿಸಿಬಿಡೋಣ ಅಂದ್ರು. ಕಾಗದ ತುಂಬೋ ಕೆಲಸ ನನಗೆ ಬಂತು. ನಾನು ಶಿವಮೊಗ್ಗದಲ್ಲಿ ಕೆಲಸ ಮಾಡೋಳು, ಕಂಪ್ಯೂಟರ್ ಗೊತ್ತಿರೋಳು ಅನ್ನೋ ಲೆಕ್ಕ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಇನ್ನೊಂದಿಷ್ಟು ಅರ್ಜಿ. ಒಂದು ಅರ್ಜಿಯಲ್ಲಿ "ಉದ್ಯೋಗ" ಅಂತ ಒಂದು ಖಾನೆ ಇತ್ತು. ಅಪ್ಪನಿಗೆ "ವ್ಯವಸಾಯ" ಅಂತ ಬರೆದೆ. ಅಮ್ಮನಿಗೆ "ಮನೆಗೆಲಸ" ಅಂತ ಬರೆದೆ. ಬರೆದ ಮೇಲೆ ತಲೆ ಎತ್ತಿ ನೋಡಿದ್ರೆ ಅಮ್ಮ ಮನೆಯಲ್ಲೇ ಇಲ್ಲ. ಬೆಳಿಗ್ಗೆ ಏಳಕ್ಕೆ ತೋಟಕ್ಕೆ ಹೋದೋಳು ಇನ್ನೂ ಬಂದಿರಲಿಲ್ಲ. ಆಮೇಲೆ ಅಜ್ಜಿಯ ಹಳೇ ವಿಧವಾ ವೇತನದ ಕಾಗದ ತೆಗೆದು ನೋಡಿದೆ. ಅದರಲ್ಲೂ ಹಾಗೇ. ಉದ್ಯೋಗ: ಮನೆಗೆಲಸ.

ಆ ಮನೆಗೆಲಸ ಏನು ಅಂತ ಈಗ ಹೇಳ್ತೀನಿ.

ಮೊದಲು ಅಜ್ಜಿಯ ವಯಸ್ಸು. ಆಧಾರ್ ಕಾರ್ಡಲ್ಲಿ ಅವಳು ಹುಟ್ಟಿದ್ದು ಜನವರಿ ಒಂದು. ನಮ್ಮೂರಲ್ಲಿ ಅರ್ಧಕ್ಕರ್ಧ ಮುದುಕರು ಹುಟ್ಟಿರೋದು ಜನವರಿ ಒಂದಕ್ಕೇ! ಅವಳದೇ ಒಂದು ಲೆಕ್ಕ ಇತ್ತು. "ಕಾಡಲ್ಲಿ ಮಂಗ ಸಾಯ್ತಿದ್ವಲ್ಲ, ಆ ವರ್ಷ ನನ್ನ ಮದುವೆ" ಅಂತಿದ್ಲು. ನಾನು ಚಿಕ್ಕೋಳಿದ್ದಾಗ ಇದು ಏನೋ ಅಜ್ಜಿ ಮಾತು ಅಂದ್ಕೊಂಡಿದ್ದೆ. ಕಾಲೇಜಿಗೆ ಹೋದ ಮೇಲೆ ಗೊತ್ತಾಯ್ತು. ಮಂಗನ ಕಾಯಿಲೆ ಅಂತೀವಲ್ಲ, ಅದರ ಇಂಗ್ಲಿಷ್ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆ ಕ್ಯಾಸನೂರು ನಮ್ಮ ಸೊರಬ ತಾಲ್ಲೂಕಿನದೇ ಕಾಡು. 1957ರಲ್ಲಿ ಅಲ್ಲಿ ಮಂಗಗಳು ಸಾಯೋಕೆ ಶುರುವಾಗಿ, ಸುತ್ತಲಿನ ಹಳ್ಳಿ ಜನಕ್ಕೂ ಜ್ವರ ಬಂದು, ಅದೊಂದು ಹೊಸ ವೈರಸ್ಸು ಅಂತ ಗೊತ್ತಾಗಿದ್ದು. ಕಾಡಿನ ಉಣುಗು ಕಚ್ಚಿದ್ರೆ ಬರೋ ಕಾಯಿಲೆ. ಅಂದ್ರೆ ನಮ್ಮಜ್ಜಿ ಮದುವೆ 1957ರಲ್ಲಿ. ಆಗ ಅವಳಿಗೆ ಹದಿನೈದೋ ಹದಿನಾರೋ.

ಮದುವೆಯಾಗಿ ಬಂದ ಹುಡುಗಿಗೆ ಮೊದಲು ಹಚ್ಚಿದ ಕೆಲಸ ಏನು ಗೊತ್ತಾ? ಕಾಡಿಗೆ ಹೋಗಿ ಸೌದೆ ತರೋದು, ಕೊಟ್ಟಿಗೆಗೆ ಹಾಸೋಕೆ ಸೊಪ್ಪು, ಒಣಗಿದ ಎಲೆ ತರೋದು. ಮಂಗ ಸತ್ತ ಸುದ್ದಿ ಬಂದ ವರ್ಷವೂ ಸೊಪ್ಪು ತರೋದು ನಿಲ್ಲಲಿಲ್ಲ. ಕೊಟ್ಟಿಗೆಯಲ್ಲಿ ದನ ಇದ್ವು, ದನಕ್ಕೆ ಹಾಸು ಬೇಕಿತ್ತು, ಗದ್ದೆಗೆ ಗೊಬ್ಬರ ಬೇಕಿತ್ತು. "ಹೆದರಿಕೆ ಆಗ್ತಿರಲಿಲ್ವಾ ಅಜ್ಜಿ?" ಅಂತ ಕೇಳಿದ್ದೆ. "ಆಗ್ತಿತ್ತು. ಮನೆಗೆ ಬಂದು ಸೀರೆ ಕೊಡವಿಕೊಳ್ತಿದ್ವಿ" ಅಂದ್ಲು. ಅದೇ ಅವಳ ಉತ್ತರ.

ಆಮೇಲೆ ಗದ್ದೆ. ನಮ್ಮ ಕಡೆ ಕೆಲವು ಗದ್ದೆಗೆ ಕೂರಿಗೆಯಲ್ಲಿ ಬಿತ್ತನೆ, ಕೆಲವಕ್ಕೆ ನಾಟಿ. ಉಳೋದು, ಬಿತ್ತೋದು ಗಂಡಸರ ಕೆಲಸ. ಬಿತ್ತಿದ ಗದ್ದೆಯಲ್ಲಿ ಕಳೆ ತೆಗೆಯೋದು ಹೆಂಗಸರು. ನಾಟಿ ಗದ್ದೆಯಲ್ಲಿ ಸಸಿ ಕೀಳೋದು ಹೆಂಗಸರು, ನೆಡೋದು ಹೆಂಗಸರು. ಕೊಯ್ಲಿಗೆ ಇಬ್ಬರೂ. ಮಳೆಗಾಲದಲ್ಲಿ ಬೆನ್ನ ಮೇಲೆ ಗೊರಬು ಹಾಕ್ಕೊಂಡು, ಬಗ್ಗಿದ ಸೊಂಟ ಎತ್ತದೆ, ದಿನಗಟ್ಟಲೆ. ಈಗಿನ ಹುಡುಗರಿಗೆ ಗೊರಬು ಗೊತ್ತಿರಲಿಕ್ಕಿಲ್ಲ. ಬಿದಿರು ಮತ್ತು ಎಲೆಯಿಂದ ಹೆಣೆದಿದ್ದು, ತಲೆಯಿಂದ ಬೆನ್ನಿನವರೆಗೆ ಮುಚ್ಚುತ್ತೆ. ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತೆ. ಅದು ಬೇಕಿದ್ದು ಅದಕ್ಕೇ.

ಕೂಲಿಗೆ ಕರೆಯೋಷ್ಟು ದುಡ್ಡು ಯಾರ ಹತ್ರವೂ ಇರ್ತಿರಲಿಲ್ಲ. ಅದಕ್ಕೆ ಮುಯ್ಯಾಳು. ಇವತ್ತು ನೀನು ನಮ್ಮ ಗದ್ದೆಗೆ ಬಾ, ನಾಳಿದ್ದು ನಾನು ನಿಮ್ಮ ಗದ್ದೆಗೆ ಬರ್ತೀನಿ. ಯಾರ ಮನೆಗೆ ಎಷ್ಟು ಆಳು ಹೋಗಿದೆ, ಯಾರಿಂದ ಎಷ್ಟು ಬರಬೇಕು, ಈ ಲೆಕ್ಕ ಇಡೋದು ಅಜ್ಜಿ. ಅವಳಿಗೆ ಓದು ಬರಹ ಬರ್ತಿರಲಿಲ್ಲ. ಅಡುಗೆ ಮನೆಯ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೀತಿದ್ಲು. ಒಂದೊಂದು ಮನೆಗೆ ಒಂದೊಂದು ಸಾಲು. ಆಳು ತೀರಿದ ಹಾಗೆ ಗೀಟಿನ ಮೇಲೆ ಅಡ್ಡ ಗೀಟು. ಯಾವ ಸಾಲು ಯಾರದ್ದು ಅಂತ ಅವಳಿಗೆ ಮಾತ್ರ ಗೊತ್ತು. ಒಂದು ಸಲ ಚಿಕ್ಕಪ್ಪ ತಮಾಷೆಗೆ ಎರಡು ಗೀಟು ಸೇರಿಸಿಬಿಟ್ಟಿದ್ದನಂತೆ. ಸಂಜೆ ಬಂದು ಗೋಡೆ ನೋಡಿದೋಳೇ, "ಇದು ನಾನು ಎಳೆದಿದ್ದಲ್ಲ" ಅಂದು ಒರೆಸಿದ್ಲಂತೆ. 2009ರಲ್ಲಿ ಮನೆ ರಿಪೇರಿ ಮಾಡಿಸಿ ಪೇಂಟ್ ಹೊಡೆಸಿದಾಗ ಆ ಗೋಡೆ ಹೋಯ್ತು. ನಮಗೆ ಯಾರಿಗೂ ಒಂದು ಫೋಟೋ ತೆಗೆಯಬೇಕು ಅಂತ ಹೊಳೀಲಿಲ್ಲ.

ಇಷ್ಟೆಲ್ಲ ಮಾಡ್ತಿದ್ದ ಆ ಗದ್ದೆ ಮೊದಲು ನಮ್ಮದಾಗಿರಲಿಲ್ಲ. ಗೇಣಿ ಗದ್ದೆ. ಬೆಳೆದಿದ್ದರಲ್ಲಿ ದೊಡ್ಡ ಪಾಲು ಒಡೆಯರ ಮನೆಗೆ ಹೋಗೋದು. ಗೇಣಿ ಅಂದ್ರೆ ಏನು ಅಂತ ತಿಳೀಬೇಕಾದ್ರೆ ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಕೂತರು. ಶುರುವಾಗಿದ್ದು ಒಂದು ಕೊಳಗದ ಜಗಳದಿಂದ. ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದಿದೆ, ನ್ಯಾಯವಾದ ಅಳತೆ ಇಡಿ ಅಂತ. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಗೇಣಿದಾರರಲ್ಲಿ ಹೆಚ್ಚಿನವರು ನಮ್ಮ ದೀವರ ಜನ. ಅಜ್ಜಿ ಆಗ ಸಣ್ಣ ಹುಡುಗಿ. ಅವಳಿಗೆ ಲೋಹಿಯಾ ಹೆಸರು ಗೊತ್ತಿರಲಿಲ್ಲ. "ಕೊಳಗದ ಗಲಾಟೆ" ಅಂತ ದೊಡ್ಡವರು ಮಾತಾಡಿಕೊಳ್ತಿದ್ದಿದ್ದು ನೆನಪಿತ್ತು.

ಆಮೇಲೆ ದೇವರಾಜ ಅರಸು ಕಾಲದ ಭೂಸುಧಾರಣೆ. ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರು ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಿ ತೀರ್ಮಾನ ಕೊಡುತ್ತೆ. ನಮ್ಮ ಅಜ್ಜನೂ ಹಾಕಿದ. ಮಂಡಳಿ ಎದುರು ಸಾಕ್ಷಿಗೆ ಓಡಾಡಿದ. ಆ ದಿನಗಳಲ್ಲಿ ಒಡೆಯರ ಕಡೆಯವರು ಮುನಿಸಿಕೊಂಡು, ಮನೆಗೆ ಸಾಲ ಸಿಗದೆ, ಅಜ್ಜಿ ಬೇರೆಯವರ ಮನೆಯಲ್ಲಿ ರಾತ್ರಿ ಅಡಿಕೆ ಸುಲಿಯೋಕೆ ಹೋಗಿ ಮಕ್ಕಳನ್ನ ಸಾಕಿದ್ಲು. ಕೆಲವು ವರ್ಷ ಆದ ಮೇಲೆ ಗದ್ದೆ ನಮ್ಮದಾಯ್ತು. ಅಜ್ಜನ ಹೆಸರಿಗೆ ಬಂತು. ಇದು ಸಣ್ಣ ವಿಷಯ ಅಲ್ಲ. ಇವತ್ತು ನಾನು ಓದಿ ಕೆಲಸಕ್ಕೆ ಸೇರಿ ಈ ಮೈಕಿನ ಮುಂದೆ ಕೂತಿದ್ದೀನಿ ಅಂದ್ರೆ ಅದರ ಹಿಂದೆ ಆ ಕಾಯ್ದೆ ಇದೆ. ಆ ಋಣ ನಾನು ಮರೆಯಲ್ಲ.

ಆದ್ರೆ ಆ ಕಾಲದ ಘೋಷಣೆ ನಿಮಗೆಲ್ಲ ಗೊತ್ತಲ್ಲ? "ಉಳುವವನೇ ಹೊಲದೊಡೆಯ." ಶಾಲೆಯಲ್ಲಿ ನಾನೂ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೀನಿ. ವಂಶವೃಕ್ಷ ತುಂಬ್ತಾ ಕೂತಾಗ ಆ ಮಾತು ಮೊದಲ ಸಲ ಬೇರೆ ಥರ ಕೇಳಿಸ್ತು. ಉಳುವವನು ಒಡೆಯನಾದ, ಸರಿ. ನೆಟ್ಟವಳು? ಕಳೆ ಕಿತ್ತವಳು? ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಡೆತನದ ಹೆಸರು, ಅಲ್ಲಿ ಅಜ್ಜ. ಹನ್ನೆರಡನೇ ಕಾಲಂನಲ್ಲಿ ಸಾಗುವಳಿಯ ವಿವರ, ಅಲ್ಲೂ ಅಜ್ಜ. ಅಜ್ಜ ಹೋದ ಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಜ್ಜಿ ಆ ಗದ್ದೆಗೆ ಹೋಗಿದ್ದಾಳೆ. ಆ ಅಷ್ಟೂ ವರ್ಷ ಪಹಣಿ ಪ್ರಕಾರ ಸಾಗುವಳಿ ಮಾಡಿದ್ದು ಸತ್ತ ಅಜ್ಜ.

ಈಗ ಅಜ್ಜಿಯ ದೇವರ ವಿಷಯ. ಅವಳು ದಿನಾ ಗಂಟೆಗಟ್ಟಲೆ ಪೂಜೆ ಮಾಡ್ತಿರಲಿಲ್ಲ. ಸಂಜೆ ಒಂದು ದೀಪ. ವರ್ಷಕ್ಕೊಮ್ಮೆ ಚಂದ್ರಗುತ್ತಿ ರೇಣುಕಮ್ಮನಿಗೆ ಹಣ್ಣುಕಾಯಿ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆ, ಅದೂ ಗದ್ದೆ ಕೆಲಸ ಬಿಡುವು ಕೊಟ್ಟರೆ. ಆದ್ರೆ ಭೂಮಿ ಹುಣ್ಣಿಮೆ ಮಾತ್ರ ಅವಳು ಒಂದು ವರ್ಷವೂ ತಪ್ಪಿಸಲಿಲ್ಲ.

ದಸರೆ ಮುಗಿದ ಮೇಲೆ ಬರೋ ಹುಣ್ಣಿಮೆ. ಸೀಗೆ ಹುಣ್ಣಿಮೆ ಅಂತಲೂ ಅಂತಾರೆ. ಆಗ ಭತ್ತ ಹೊಡೆ ತುಂಬಿ ನಿಂತಿರುತ್ತೆ. ಭೂಮಿ ತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು. ಅದೇ ಹಬ್ಬ. ನಮ್ಮಲ್ಲಿ ಹೆಂಗಸರು ನವರಾತ್ರಿಯಿಂದಲೇ ಬುಟ್ಟಿ ಬರೆಯೋಕೆ ಶುರು ಮಾಡ್ತಾರೆ. ಭೂಮಣ್ಣಿ ಬುಟ್ಟಿ ಅಂತ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ನೆನೆಸಿ ಅರೆದ ಬಿಳಿ ಹಿಟ್ಟಲ್ಲಿ ಚಿತ್ತಾರ. ಕುಂಚ ಅಂದ್ರೆ ಪುಂಡಿ ನಾರು. ಎಳೆ ಎಳೆಯಾಗಿ ಗೆರೆ, ಭತ್ತದ ಸಸಿ, ಜೋಡೆತ್ತು, ಗಾಡಿ. ಈಗ ಈ ಚಿತ್ತಾರವನ್ನ ಬೆಂಗಳೂರಿನ ಪ್ರದರ್ಶನಗಳಲ್ಲಿ ಫ್ರೇಮ್ ಹಾಕಿ ಇಡ್ತಾರೆ, ಒಳ್ಳೇದೇ. ಅಜ್ಜಿಗೆ ಅದು ಕಲೆ ಅಂತ ಗೊತ್ತಿರಲಿಲ್ಲ. "ಬುಟ್ಟಿ ಬರೆಯೋದು" ಅಷ್ಟೇ. ಒಂದು ಗೆರೆ ನಾನು ಸೊಟ್ಟ ಎಳೆದ್ರೆ, ಅದರ ಪಕ್ಕ ಅಂಥದ್ದೇ ಇನ್ನೊಂದು ಸೊಟ್ಟ ಗೆರೆ ಎಳೆದು ಜೋಡಿ ಮಾಡ್ತಿದ್ಲು.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಹೋಳಿಗೆ, ಬುತ್ತಿ, ಹಿತ್ತಲು ಬೇಲಿಯಿಂದ ಆಯ್ದು ತಂದ ನಾನಾ ಥರದ ಸೊಪ್ಪು, ತರಕಾರಿ ಎಲ್ಲ ಬೇಯಿಸಿ ಮಾಡಿದ ಚರಗ. ಬೆಳಗಿನ ಜಾವ ಕತ್ತಲಲ್ಲೇ ಗದ್ದೆಗೆಲ್ಲ ಚರಗ ಬೀರಿ ಬರೋದು. ಬೆಳಕು ಹರಿದ ಮೇಲೆ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಗದ್ದೆಗೆ. ಅಜ್ಜಿ ತನ್ನ ಕೊರಳಿನ ತಾಳಿ ತೆಗೆದು ಭತ್ತದ ಬುಡಕ್ಕೆ ಹಾಕಿ ಪೂಜೆ ಮಾಡ್ತಿದ್ಲಂತೆ. ಅಜ್ಜ ಹೋದ ಮೇಲೆ ಆ ಕೆಲಸ ಅಮ್ಮನಿಗೆ ಬಂತು. ನಾನು ನೋಡಿದ್ದು ಅಮ್ಮ ಮಾಡೋದನ್ನ. ಅಜ್ಜಿ ಸ್ವಲ್ಪ ಹಿಂದೆ ಬದುವಿನ ಮೇಲೆ ನಿಂತಿರ್ತಿದ್ಲು.

ಪೂಜೆ ಆದ ಮೇಲೆ ಎಡೆ ಇಡೋದು. ಇದು ಮಾತ್ರ ಕೊನೇವರೆಗೂ ಅಜ್ಜಿಯದ್ದೇ ಕೆಲಸ. ಬಾಳೆಲೆ ಹರಿದು ಸಾಲಾಗಿ ಇಡೋಳು. ಭೂಮಿಗೆ ಒಂದು. ಹಿರಿಯರಿಗೆ ಒಂದು. ಕಾಗೆಗೆ ಒಂದು. ಬದುವಿನ ಬಿಲದ ಹತ್ರ ಇಲಿಗೆ ಒಂದು. ಒಂದು ಕಡುಬನ್ನ ಮಣ್ಣಲ್ಲಿ ಹೂತು, ಕೊಯ್ಲಿನ ದಿನ ತೆಗೆಯೋದು. ನಾನು ಚಿಕ್ಕವಳಿದ್ದಾಗ ಇಲಿಗೆ ಊಟ ಹಾಕೋದು ನೋಡಿ ನಗ್ತಿದ್ದೆ. "ಇಲಿ ಭತ್ತ ತಿಂದು ಹಾಳು ಮಾಡುತ್ತೆ, ಅದಕ್ಕೆ ಹೋಳಿಗೆ ಬೇರೆನಾ?" ಅಂದ್ರೆ, "ಅದೂ ಈ ಗದ್ದೆಯದ್ದೇ ಅಲ್ವಾ ಮಗಾ. ಎಲ್ಲಿಗೆ ಹೋಗುತ್ತೆ ಅದು" ಅಂತಿದ್ಲು.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಅಜ್ಜಿ ಮನೆಯಲ್ಲಿ ಹೊದ್ದು ಮಲಗ್ತಿದ್ದಿದ್ದು ಒಂದು ಕೌದಿ. ಹಳೇ ಸೀರೆಗಳನ್ನ ಒಂದರ ಮೇಲೊಂದು ಇಟ್ಟು ಹೊಲಿದಿದ್ದು. ಅದರಲ್ಲಿ ಒಂದು ಹಸಿರು ತುಂಡು ಮಾತ್ರ ಹೊಸದರ ಹಾಗೆ ಇತ್ತು. ಬಣ್ಣ ಮಾಸಿರಲಿಲ್ಲ. ಉಳಿದಿದ್ದೆಲ್ಲ ತೊಳೆದು ತೊಳೆದು ಮೆತ್ತಗಾಗಿದ್ವು. "ಇದೊಂದು ಯಾಕೆ ಹೀಗಿದೆ?" ಅಂತ ಕೇಳಿದ್ದೆ. ಅಜ್ಜಿ ಹೇಳಿದ್ಲು. ಅವಳ ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಅವಳನ್ನ ಕರೆಸಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ್ರಂತೆ. ಆ ದಿನ ಉಡಿ ತುಂಬಿ, ಒಂದು ಹಸಿರು ಸೀರೆ ಕೊಟ್ರಂತೆ. ಅವಳು ಅದನ್ನ ಉಡಲೇ ಇಲ್ಲ. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಕತ್ತರಿಸಿ ಕೌದಿಗೆ ಹಾಕಿಬಿಟ್ಲು.

"ಸಿಟ್ಟು ಬಂದಿತ್ತಾ?" ಅಂದೆ.

"ಸಿಟ್ಟಲ್ಲ. ಕಾಗದದಲ್ಲಿ ಏನಿದೆ ಅಂತ ಯಾರೂ ಓದಿ ಹೇಳಲಿಲ್ಲ. ಓದಿ ಹೇಳಿದ್ರೂ ಒತ್ತುತಿದ್ದೆ" ಅಂದ್ಲು.

ಆಗ ನನಗೆ ಹನ್ನೆರಡು ವರ್ಷ ಇರಬೇಕು. ಅರ್ಥ ಆಗಲಿಲ್ಲ. ಅರ್ಥ ಆಗಿದ್ದು ಹೋದ ವರ್ಷ, ನಾನೇ ಅಂಥ ಕಾಗದ ಟೈಪ್ ಮಾಡೋಕೆ ಕೂತಾಗ.

ಹೌದು, ನಾನೇ. ಅಪ್ಪನಿಗೆ ಇಬ್ಬರು ಅಕ್ಕಂದಿರು, ಒಬ್ಬ ತಮ್ಮ. ಒಟ್ಟು ನಾಲ್ಕು ಮಕ್ಕಳು. ವಂಶವೃಕ್ಷದಲ್ಲಿ ನಾಲ್ವರ ಹೆಸರೂ ಬರುತ್ತೆ. ಹೆಸರು ಬಂದ ಮೇಲೆ, ಅತ್ತೆಯರು ಇಬ್ಬರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ರಿಜಿಸ್ಟರ್ ಮಾಡಿಸಿಬಿಟ್ಟರೆ ಗದ್ದೆ ಅಣ್ಣ ತಮ್ಮ ಇಬ್ಬರದ್ದು ಅಂತ ಚಿಕ್ಕಪ್ಪ ಲೆಕ್ಕ ಹಾಕಿದ್ದ. ಅಪ್ಪನೂ ಹೂಂ ಅಂದಿದ್ದ. ಇದರಲ್ಲಿ ಯಾರೂ ಮೋಸ ಅಂತ ಅಂದುಕೊಂಡಿರಲಿಲ್ಲ. ಊರಲ್ಲಿ ಎಲ್ಲರೂ ಮಾಡೋದೇ ಅದು. ಸೀರೆ ತರೋದು ಅಂತಲೂ ಮಾತಾಗಿತ್ತು. "ಒಳ್ಳೇ ಸೀರೆ ತರೋಣ, ರೇಷ್ಮೆದೇ" ಅಂದಿದ್ದ ಅಪ್ಪ.

ನಾನು ಒಂದು ಹಳೇ ಪತ್ರದ ಮಾದರಿ ಇಟ್ಕೊಂಡು ಟೈಪ್ ಮಾಡಿದೆ. "ನನ್ನ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ" ಅನ್ನೋ ಸಾಲಿಗೆ ಬಂದಾಗ ಆ ಹಸಿರು ತುಂಡು ನೆನಪಾಯ್ತು. ಓದಿ ಹೇಳಿದ್ರೂ ಒತ್ತುತಿದ್ದೆ. ಅದರ ಅರ್ಥ ಆಗ ಹೊಳೀತು. ಬೇಡ ಅನ್ನೋಕೆ ಅವಳಿಗೆ ಜಾಗ ಇರಲಿಲ್ಲ. ಬೇಡ ಅಂದ್ರೆ ತವರು ಇಲ್ಲ.

ಕಾನೂನು ಏನು ಹೇಳುತ್ತೆ ಅಂತ ನೋಡಿದೆ. ನಾನು ವಕೀಲೆ ಅಲ್ಲ, ನಿಮ್ಮ ಮನೆ ಕಾಗದ ಬೇರೆ ಥರ ಇರಬಹುದು, ನೀವು ತಿಳಿದವರನ್ನ ಕೇಳಿ. ಆದ್ರೆ ಮುಖ್ಯವಾದದ್ದು ಇಷ್ಟು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ, ಗಂಡಸು ವಿಲ್ ಬರೆಯದೆ ತೀರಿಕೊಂಡ್ರೆ ಅವನ ಪಾಲಿನ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮವಾಗಿ ಹೋಗುತ್ತೆ. 2005ರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೂ ಮಗಳ ಆ ಹಕ್ಕು ಹೋಗಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಯಾವ ಲೆಕ್ಕದಲ್ಲಿ ನೋಡಿದ್ರೂ ಅತ್ತೆಯರಿಗೆ ಪಾಲಿದೆ. ಅಷ್ಟೇ ಅಲ್ಲ, ಅಜ್ಜ ಹೋದ ದಿನದಿಂದಲೇ ಅಜ್ಜಿಗೂ ಒಂದು ಪಾಲಿತ್ತು. ಅದನ್ನ ಯಾರೂ ಬರೆಸಲಿಲ್ಲ, ಅವಳೂ ಕೇಳಲಿಲ್ಲ. ತನಗೆ ಪಾಲಿದೆ ಅಂತ ಗೊತ್ತಿಲ್ಲದೆಯೇ ಹೋದ್ಲು.

ನಾನು ಪತ್ರ ಪ್ರಿಂಟ್ ತೆಗೆಯಲಿಲ್ಲ. ಅಪ್ಪನಿಗೆ ಹೇಳಿದೆ, "ಅತ್ತೆಯರನ್ನ ಮೊದಲು ಕೇಳಿ. ಸೀರೆ ತರೋಕೆ ಮೊದಲು ಕೇಳಿ." ಅಪ್ಪ ಸಿಟ್ಟಾದ. "ನಿನಗೆ ಓದಿಸಿದ್ದು ಮನೆ ಒಡೆಯೋಕಾ?" ಅಂದ. ಚಿಕ್ಕಪ್ಪ ಅದಕ್ಕಿಂತ ಜೋರಾಗಿ, "ನಾಳೆ ನಿನ್ನ ಅಣ್ಣನ ಹತ್ರಾನೂ ಪಾಲು ಕೇಳ್ತೀಯ, ಅದಕ್ಕೆ ಈಗಿಂದಲೇ ದಾರಿ ಮಾಡ್ಕೊಳ್ತಿದ್ದೀಯ" ಅಂದ. ಆ ಮಾತು ಚುಚ್ಚಿತು. ಯಾಕಂದ್ರೆ ಅದು ಪೂರ್ತಿ ಸುಳ್ಳು ಅಂತ ನನಗೂ ಹೇಳೋಕೆ ಆಗಲಿಲ್ಲ. ನನ್ನ ಮನಸ್ಸಿನಲ್ಲೂ ಅದು ಬಂದಿತ್ತು.

ದೊಡ್ಡತ್ತೆಗೆ ಫೋನ್ ಮಾಡಿದೆ. ಅವಳು ಅಂದಿದ್ದು ಒಂದೇ ಮಾತು. "ನನಗೆ ಗದ್ದೆ ಬೇಡ ಮಾರಾಯ್ತಿ, ತವರು ಬೇಕು." ಅದಕ್ಕೆ ನಾನು ಏನು ಹೇಳಲಿ? ಕಾಯ್ದೆಯಲ್ಲಿ ತವರಿಗೆ ಸೆಕ್ಷನ್ ಇಲ್ಲ. ಚಿಕ್ಕತ್ತೆ ಏನೂ ಹೇಳಲಿಲ್ಲ. ಮಾವ ತೀರಿಕೊಂಡ ಮೇಲೆ ಅವಳು ಬೇರೆಯವರ ಶುಂಠಿ ಹೊಲಕ್ಕೆ ಕೂಲಿಗೆ ಹೋಗ್ತಾಳೆ ಅಂತ ನಮಗೆಲ್ಲ ಗೊತ್ತಿತ್ತು. "ಹುಣ್ಣಿಮೆಗೆ ಬರ್ತೀನಿ, ಆಗ ಮಾತಾಡೋಣ" ಅಂದ್ಲು.

ಹುಣ್ಣಿಮೆಗೆ ಇಬ್ಬರೂ ಬಂದ್ರು. ಬುಟ್ಟಿ ಅಮ್ಮ ಬರೆದಿದ್ಲು, ನಾನೂ ಕೈ ಹಾಕಿದ್ದೆ. ರಾತ್ರಿಯೆಲ್ಲ ಅಡುಗೆ. ಕಾಗದದ ಮಾತು ಯಾರೂ ಎತ್ತಲಿಲ್ಲ. ಬೆಳಿಗ್ಗೆ ಗದ್ದೆಯಲ್ಲಿ ಪೂಜೆ ಆಯ್ತು. ಎಡೆ ಇಡೋಕೆ ಈಗ ಅಜ್ಜಿ ಇಲ್ಲ. ಯಾರು ಇಡೋದು ಅಂತ ಒಂದು ಕ್ಷಣ ಎಲ್ಲರೂ ನಿಂತ್ರು. ಚಿಕ್ಕತ್ತೆ ಬಾಳೆಲೆ ತಗೊಂಡು ಕೂತಳು. ಭೂಮಿಗೆ, ಹಿರಿಯರಿಗೆ, ಕಾಗೆಗೆ. ಆಮೇಲೆ ಎದ್ದು ಬದುವಿನ ಬಿಲದ ಹತ್ರ ಹೋಗಿ ಇನ್ನೊಂದು ಎಲೆ ಇಟ್ಟಳು. ಅಲ್ಲೇ ಕೂತು, ಅಪ್ಪನ ಕಡೆ ತಿರುಗದೆ ಅಂದಳು:

"ಅವ್ವ ಇಲಿಗೂ ಒಂದು ಎಡೆ ಇಡ್ತಿದ್ಲು ಕಣೋ ತಮ್ಮಾ."

ಅಷ್ಟೇ. ಬೇರೆ ಏನೂ ಹೇಳಲಿಲ್ಲ. ಅಪ್ಪ ಏನೂ ಮಾತಾಡಲಿಲ್ಲ. ಊಟ ಮಾಡಿದ್ವಿ. ಬುಟ್ಟಿ ಹೊತ್ತು ಮನೆಗೆ ಬಂದ್ವಿ. ಸಂಜೆ ಅಪ್ಪ ನನ್ನನ್ನ ಕರೆದು, "ಆ ಅರ್ಜಿ ತೆಗಿ. ನಾಲ್ಕೂ ಹೆಸರು ಹಾಕು. ಬಿಡುಗಡೆ ಪತ್ರ ಬೇಡ" ಅಂದ.

ಈಗ ನಮ್ಮ ಪಹಣಿಯಲ್ಲಿ ನಾಲ್ಕು ಹೆಸರಿದೆ, ಜಂಟಿಯಾಗಿ. ಎಲ್ಲವೂ ಸುಖಾಂತ ಆಯ್ತು ಅಂತ ಹೇಳಲ್ಲ. ಪಾಲು ಇನ್ನೂ ಆಗಿಲ್ಲ. ಯಾರಿಗೆ ಯಾವ ಕಡೆ ಅನ್ನೋ ಮಾತು ಮುಂದೆ ಬಂದೇ ಬರುತ್ತೆ. ದೊಡ್ಡತ್ತೆ ಈಗಲೂ "ನನ್ನ ಹೆಸರು ಯಾಕೆ ಹಾಕಿದ್ರಿ" ಅಂತ ಬೈತಾಳೆ, ಆದ್ರೆ ಪಹಣಿಯ ಒಂದು ಜೆರಾಕ್ಸ್ ತಗೊಂಡು ಹೋಗಿದ್ದಾಳೆ. ಚಿಕ್ಕಪ್ಪ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಲ್ಲ. ನಾನು ಊರಿಗೆ ಹೋದಾಗ ಅವನು ತೋಟಕ್ಕೆ ಹೋಗಿಬಿಡ್ತಾನೆ. ಅದು ನೋವಾಗುತ್ತೆ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಜಾತ್ರೆ ತೋರಿಸಿದವನು ಅವನು.

ಅಜ್ಜಿ ಇದ್ದಿದ್ರೆ ಏನು ಅಂತಿದ್ಲು ಅಂತ ಎಷ್ಟೋ ಸಲ ಯೋಚಿಸ್ತೀನಿ. ಅವಳು ಹೋರಾಟದ ಹೆಂಗಸಲ್ಲ. ಬಹುಶಃ "ಯಾಕೆ ಬೇಕಿತ್ತು ಮಗಾ ಇದೆಲ್ಲ" 
ಅಂತಲೇ ಅಂತಿದ್ಲು. ಅವಳನ್ನ ಈಗ ನನ್ನ ಪಕ್ಷಕ್ಕೆ ಎಳೆದುಕೊಳ್ಳೋದು ನ್ಯಾಯ ಅಲ್ಲ. ನನಗೆ ಗೊತ್ತಿರೋದು ಅವಳು ಮಾಡ್ತಿದ್ದಿದ್ದು ಮಾತ್ರ. ಮುಯ್ಯಾಳಿನ ಲೆಕ್ಕದಲ್ಲಿ ಯಾರ ಒಂದು ದಿನದ ಕೆಲಸವನ್ನೂ ಅವಳು ಮರೀತಿರಲಿಲ್ಲ. ಎಡೆ ಇಡುವಾಗ ಆ ಗದ್ದೆಯಲ್ಲಿ ಬದುಕೋ ಯಾರನ್ನೂ ಬಿಡ್ತಿರಲಿಲ್ಲ. ತನ್ನದೊಂದನ್ನ ಮಾತ್ರ ಬರೆದುಕೊಳ್ಳಲಿಲ್ಲ.

ಮುಗಿಸೋಕೆ ಮೊದಲು ನಿಮಗೆ ಎರಡು ಕೆಲಸ ಹೇಳ್ತೀನಿ. ಒಂದು, ಫೋನ್ ಕೈಯಲ್ಲೇ ಇದೆ. ನಿಮ್ಮ ಮನೆ ಜಮೀನಿನ ಸರ್ವೆ ನಂಬರ್ ಕೇಳಿ ತಿಳ್ಕೊಂಡು ಪಹಣಿ ತೆಗೆದು ನೋಡಿ. ಭೂಮಿ ವೆಬ್‌ಸೈಟಲ್ಲಿ ಸಿಗುತ್ತೆ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಅಲ್ಲಿ ಒಬ್ಬ ಹೆಂಗಸಾದ್ರೂ ಇದ್ದಾಳಾ ನೋಡಿ. ಜಗಳ ಮಾಡಿ ಅಂತ ಹೇಳ್ತಿಲ್ಲ. ನೋಡಿ, ಮನೆಯಲ್ಲಿ ಕೇಳಿ.

ಎರಡನೇದು, ನಿಮ್ಮ ಅಜ್ಜಿ ಇನ್ನೂ ಇದ್ದರೆ, ಇವತ್ತು ರಾತ್ರಿ ಫೋನ್ ಮಾಡಿ. "ಊಟ ಆಯ್ತಾ" ಅಂತ ಕೇಳಿ ಇಟ್ಟುಬಿಡಬೇಡಿ. ಮದುವೆಯಾಗಿ ಬಂದ ವರ್ಷ ಏನಾಗಿತ್ತು ಅಂತ ಕೇಳಿ. ಮೊದಲು ಯಾವ ಕೆಲಸ ಹಚ್ಚಿದ್ರು ಅಂತ ಕೇಳಿ. ಗೋಡೆ ಮೇಲೆ ಗೀಟು ಇದ್ದರೆ ಒಂದು ಫೋಟೋ ತೆಗೀರಿ.

ಅಂದಹಾಗೆ, ಆ ಅರ್ಜಿಯಲ್ಲಿ ಅಮ್ಮನ ಉದ್ಯೋಗ ತಿದ್ದಿದೆ. ವ್ಯವಸಾಯ ಅಂತ ಬರೆದೆ. ಅಮ್ಮನಿಗೆ ಓದಿ ಹೇಳಿದೆ. "ಹೌದಲ್ಲ" ಅಂದ್ಲು, ಅಂದು ಕೊಟ್ಟಿಗೆಗೆ ಹೋದ್ಲು.